ಐದು ಬಾಗಿಲಿನ ಜಿಮ್ನಿಗೆ ಕಡಿಮೆ ಖರ್ಚಿನ ಲಿಫ್ಟ್: ಇಂಚಿಗಿಂತ ಮೊದಲು ಭಾರದ ಲೆಕ್ಕ

ನೀವು ಕೇಳಿದ್ದು ಇಷ್ಟು: ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿ ಇದೆ, ಸಕಲೇಶಪುರದ ಕಡೆ ತೋಟಕ್ಕೆ ಹೋಗುವ ದಾರಿಯಲ್ಲಿ ಹೊಟ್ಟೆ ತಾಗುತ್ತದೆ, ಹೆಚ್ಚು ಖರ್ಚಿಲ್ಲದೆ ಎರಡಿಂಚು ಎತ್ತರಿಸಿ ಅಡ್ಜಸ್ಟೆಬಲ್ ಶಾಕ್ ಅಬ್ಸಾರ್ಬರ್ ಹಾಕಿಸಬೇಕು, ಊರಿನ ಗ್ಯಾರೇಜಿನಲ್ಲಿ ಆಗುತ್ತದಾ? ಆಗುತ್ತದೆ. ನಾನೂ ಇದೇ ಗಾಡಿಯನ್ನು ಅಂಥದ್ದೇ ದಾರಿಯಲ್ಲಿ ಓಡಿಸುವವನು. ಆದರೆ ಎರಡಿಂಚಿನ ಆಸೆ ಬಿಡಿ. 40 ಮಿ.ಮೀ.ಗೆ, ಅಂದರೆ ಒಂದೂವರೆ ಇಂಚಿಗೆ ನಿಲ್ಲಿಸಿ. ಉಳಿಯುವ ದುಡ್ಡಿಗೆ ಬೇರೆ ಕೆಲಸವಿದೆ, ಹೇಳುತ್ತೇನೆ.

ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡಬಲ ಚಕ್ರಗಳನ್ನು ಸೇರಿಸುವ ಒಂದೇ ಅಖಂಡ ದಂಡ. ಉದ್ದನೆಯ ಸ್ಪ್ರಿಂಗ್ ಹಾಕಿದರೆ ಚಾಸಿ, ಬಾಡಿ ಮೇಲೇಳುತ್ತವೆ. ಆಕ್ಸಲ್ ಮೇಲಿನ ಡಿಫರೆನ್ಷಿಯಲ್ (ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಉಂಡೆ) ಇದ್ದಲ್ಲೇ ಇರುತ್ತದೆ, ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ಕಂಪನಿಯ 195/80 ಆರ್15 ತೆಗೆದು 215/75 ಆರ್15 ಹಾಕಿದರೂ ಅಲ್ಲಿ ಸಿಗುವುದು ಸುಮಾರು 5 ಮಿ.ಮೀ. ಅಷ್ಟೇ. ಹಾಗಾಗಿ ಟ್ರ್ಯಾಕ್ಟರ್ ಜಾಡಿನ ನಡುವಿನ ದಿಬ್ಬಕ್ಕೆ ಡಿಫರೆನ್ಷಿಯಲ್ ಉಜ್ಜುತ್ತಿದ್ದರೆ ಲಿಫ್ಟ್ ಹಾಕಿ ಏನೂ ಪ್ರಯೋಜನವಿಲ್ಲ. ಉಬ್ಬು ಹತ್ತಿ ಇಳಿಯುವಾಗ ಹೊಟ್ಟೆ ಕೂರುತ್ತಿದ್ದರೆ ಮಾತ್ರ ನಿಜವಾದ ಪ್ರಯೋಜನ. ಐದು ಬಾಗಿಲಿನ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,590 ಮಿ.ಮೀ., ಮೂರು ಬಾಗಿಲಿನದಕ್ಕಿಂತ 340 ಮಿ.ಮೀ. ಉದ್ದ. ಹೊಟ್ಟೆ ತಾಗದೆ ಉಬ್ಬು ದಾಟಬಲ್ಲ ಕೋನ, ಅಂದರೆ ಬ್ರೇಕ್‌ಓವರ್ ಕೋನ, 24 ಡಿಗ್ರಿ ಮಾತ್ರ. ನಿಮ್ಮ ತೊಂದರೆ ಅಲ್ಲಿಯದೇ ಅನ್ನಿಸುತ್ತದೆ.

ಇನ್ನು ಅಡ್ಜಸ್ಟೆಬಲ್ ಶಾಕ್. ನಾಬ್ ತಿರುಗಿಸಿದರೆ ಗಾಡಿ ಏರುತ್ತದೆ ಇಳಿಯುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲ. ಗಾಡಿಯನ್ನು ಹೊತ್ತು ನಿಲ್ಲುವುದು ಸ್ಪ್ರಿಂಗ್, ಆ ಸ್ಪ್ರಿಂಗಿನ ಕುಣಿತವನ್ನು ಹಿಡಿಯುವುದು ಶಾಕ್. ರಾಂಚೋ ಆರ್‌ಎಸ್ 9000, ಟಫ್ ಡಾಗ್ ಥರದವುಗಳಲ್ಲಿ ಒಂಬತ್ತು ಹಂತ ಇರುತ್ತವೆ. ಹಂತ ಬದಲಾಯಿಸಿದರೆ ಒಳಗಿನ ಎಣ್ಣೆ ಹರಿಯುವ ದಾರಿ ಕಿರಿದಾಗುತ್ತದೆ ಅಥವಾ ಅಗಲವಾಗುತ್ತದೆ, ಅಷ್ಟೇ. ನಾಲ್ಕು ಮೂಟೆ ಹೇರಿದಾಗ ಹಿಂಭಾಗ ಕುಸಿಯುತ್ತಿದ್ದರೆ ಅದು ಸ್ಪ್ರಿಂಗಿನ ದೌರ್ಬಲ್ಯ. ಶಾಕ್ ಬಿಗಿ ಮಾಡಿ ಅದನ್ನು ಮುಚ್ಚಲು ಹೋದರೆ ಸಾಲುಗುಂಡಿಗಳಲ್ಲಿ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳಲು ಪುರಸೊತ್ತೇ ಇರುವುದಿಲ್ಲ, ಪ್ರತಿ ಗುಂಡಿಗೂ ಇನ್ನಷ್ಟು ಕುಸಿದು ಕೊನೆಗೆ ಬಂಪ್‌ಸ್ಟಾಪ್‌ಗೆ (ಆಕ್ಸಲ್ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರು ಗೂಟಕ್ಕೆ) ಬಡಿಯುತ್ತದೆ.

ಆದ್ದರಿಂದ ಅಂಗಡಿಯವರು "ಎಷ್ಟು ಇಂಚು ಬೇಕು" ಅಂತ ಕೇಳುವ ಮುಂಚೆ ನೀವೇ "ಎಷ್ಟು ಕೆಜಿಗೆ ಇದು" ಅಂತ ಕೇಳಿ. ದಿನನಿತ್ಯ ಎಷ್ಟು ಜನ, ಎಷ್ಟು ಸಾಮಾನು, ಮುಂದೆ ಕಬ್ಬಿಣದ ಬಂಪರ್ ಅಥವಾ ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಹಗ್ಗದ ಮೋಟಾರು) ಇದೆಯಾ, ಎಲ್ಲ ಬರೆದು ಕೊಡಿ. ಹೊರದೇಶದಿಂದ ಬರುವ ಕಿಟ್‌ಗಳಲ್ಲಿ ಎಷ್ಟೋ ಮೂರು ಬಾಗಿಲಿನ ಜಿಮ್ನಿಗೆಂದೇ ಮಾಡಿದವು. ನಮ್ಮದು ಅದಕ್ಕಿಂತ ಭಾರ. ಹಿಂಭಾಗದ ಸ್ಪ್ರಿಂಗ್ ಐದು ಬಾಗಿಲಿನದಕ್ಕೆ ಹೊಂದುತ್ತದೆ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಅಗ್ಗ ಅಂತ ಹಳೆಯ ಸ್ಪ್ರಿಂಗಿನ ಮೇಲೆ ಎತ್ತರಕ್ಕೆಂದು ಸ್ಪೇಸರ್ ಬಿಲ್ಲೆ ಇಟ್ಟು, ಹಳೆಯ ಶಾಕ್‌ನಲ್ಲೇ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ಚಕ್ರ ಕೆಳಗಿಳಿದಾಗಲೆಲ್ಲ ಶಾಕ್ ಪೂರ್ತಿ ಎಳೆದುಕೊಂಡು ಟಕ್ ಅನ್ನುತ್ತದೆ, ಬೇಗ ಎಣ್ಣೆ ಬಿಡುತ್ತದೆ.

ಉಳಿಸಿದ ದುಡ್ಡು ಎಲ್ಲಿಗೆ ಅಂದರೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ವಾಲಿಕೆ) ಸರಿಪಡಿಸುವ ಬುಷ್ (ಕೀಲುಗಳಲ್ಲಿನ ರಬ್ಬರು ತೋಳು) ಮತ್ತು ಉದ್ದ ಹೊಂದಿಸಬಹುದಾದ ಲ್ಯಾಟರಲ್ ರಾಡ್‌ಗೆ, ಅಂದರೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿಯುವ ಸರಳಿಗೆ. ಗಾಡಿ ಎದ್ದಾಗ ಮುಂದಿನ ಆಕ್ಸಲ್ ಸ್ವಲ್ಪ ತಿರುಗಿ ಕ್ಯಾಸ್ಟರ್ ಕಮ್ಮಿಯಾಗುತ್ತದೆ. ಆಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗೆ ಬರುವುದಿಲ್ಲ, ಶಿರಾಡಿ ಘಾಟಿಯ ತಿರುವಿನಲ್ಲಿ ಪ್ರತಿ ಸಲ ಕೈಯಿಂದಲೇ ಎಳೆದು ತರಬೇಕು. ಅಲೈನ್‌ಮೆಂಟ್ ಅಂಗಡಿಯವರು ಗಟ್ಟಿ ಆಕ್ಸಲ್‌ನಲ್ಲಿ ಸರಿ ಮಾಡಬಲ್ಲದ್ದು ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಒಂದನ್ನೇ. ಕ್ಯಾಸ್ಟರ್‌ಗೆ ಬುಷ್ಷೇ ಬೇಕು. ಲಿಫ್ಟ್‌ಗೆ ಮುಂಚೆ ಅಲೈನ್‌ಮೆಂಟ್ ಅಳತೆಗಳ ಒಂದು ಪ್ರಿಂಟ್, ಆಮೇಲೆ ಒಂದು ಪ್ರಿಂಟ್ ತೆಗೆಸಿ ಹೋಲಿಸಿ ನೋಡಿ. ಲ್ಯಾಟರಲ್ ರಾಡ್ ಆಕ್ಸಲನ್ನು ಪಕ್ಕಕ್ಕೆ ಎಳೆದಿದೆಯಾ ಅಂತ ತಿಳಿಯಲು ಮೆಷಿನ್ ಬೇಡ. ಸಮನೆಲದಲ್ಲಿ ನಿಲ್ಲಿಸಿ, ದಾರಕ್ಕೆ ಒಂದು ನಟ್ ಕಟ್ಟಿ ಫೆಂಡರಿನ ಅಂಚಿನಿಂದ ಇಳಿಬಿಟ್ಟು, ದಾರಕ್ಕೂ ಟೈರಿಗೂ ಇರುವ ಅಂತರವನ್ನು ಎಡಕ್ಕೂ ಬಲಕ್ಕೂ ಅಳೆಯಿರಿ.

ಹಾಕುವ ಕೆಲಸ ಕಷ್ಟದ್ದಲ್ಲ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್ ಕೆಳಗೆ ಜಾಕ್ ಕೊಟ್ಟು, ಶಾಕ್ ಬಿಚ್ಚಿ ನಿಧಾನಕ್ಕೆ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಇಳಿಸುವಾಗ ಒಬ್ಬರು ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಮೇಲೆಯೇ ಕಣ್ಣಿಟ್ಟಿರಬೇಕು, ಆಕ್ಸಲ್ ಅವುಗಳಿಗೆ ಜೋತು ಬೀಳಬಾರದು. ಸ್ಪ್ರಿಂಗಿನ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ಆತುಕೊಂಡಿದೆಯಾ ಅಂತ ಬೆರಳು ಹಾಕಿ ನೋಡಿ. ಗಾಡಿ ಜಾಕ್ ಮೇಲಿರುವಾಗ ಆರ್ಮ್ (ಆಕ್ಸಲನ್ನು ಚಾಸಿಗೆ ಸೇರಿಸುವ ತೋಳು) ಮತ್ತು ಲ್ಯಾಟರಲ್ ರಾಡ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಲು ಬಿಡಲೇಬೇಡಿ. ಚಕ್ರ ನೆಲಕ್ಕೂರಿ, ಗಾಡಿಯ ಭಾರ ಕೂತ ಮೇಲೆಯೇ ಟಾರ್ಕ್ ವ್ರೆಂಚ್ (ಅಳತೆಯಷ್ಟೇ ಬಿಗಿ ಮಾಡುವ ಪಾನಾ). ನೇತಾಡುತ್ತಿರುವಾಗ ಬಿಗಿ ಮಾಡಿದರೆ ಬುಷ್‌ನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಮೆಕ್ಯಾನಿಕ್‌ಗೆ ಅವಸರವಿದ್ದರೂ ನೀವು ಪಕ್ಕದಲ್ಲಿ ನಿಂತು ಇದೊಂದನ್ನು ಮಾಡಿಸಿ.

ಕಾನೂನಿನ ವಿಷಯವನ್ನೂ ಹೇಳಿಬಿಡಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕಾಯ್ದೆ ಒಪ್ಪದ ಬದಲಾವಣೆಗೆ ಮಾಲೀಕರ ಮೇಲೆ 182ಎ ಕಲಂನಲ್ಲಿ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ, ಅವರ ಉತ್ತರ ಬಂದ ಮೇಲೆಯೇ ಆರ್ಡರ್ ಮಾಡಿ. ಗಾಡಿಯನ್ನು ಮತ್ತೆ ಮೊದಲಿನಂತೆ ಮಾಡಬೇಕಾಗಿ ಬಂದರೆ ಬೇಕಾಗುತ್ತದೆ, ಹಳೆಯ ಸ್ಪ್ರಿಂಗ್, ಶಾಕ್‌ಗಳನ್ನು ಗುಜರಿಗೆ ಹಾಕಬೇಡಿ.

ಹಾಕಿದ ಮೇಲೆ ಡಾಂಬರು ರಸ್ತೆಗೆ ಶಾಕ್‌ನ ಮೂರನೇ ಹಂತದಿಂದ (ಒಂದು ತೀರಾ ಮೆತ್ತಗೆ, ಒಂಬತ್ತು ತೀರಾ ಬಿಗಿ) ಶುರು ಮಾಡಿ ನಿಮಗೆ ಹಿತವಾಗುವವರೆಗೆ ಒಂದೊಂದೇ ಹಂತ ಏರಿಸಿ. ತೋಟದೊಳಗೆ ಒಂದು ಅಥವಾ ಎರಡು ಸಾಕು. ಭಾರ ಹೇರಿದ ದಿನ ಹಿಂಭಾಗದ ಶಾಕ್‌ಗಳನ್ನು ಮಾತ್ರ ಐದಕ್ಕೋ ಆರಕ್ಕೋ ತನ್ನಿ. ಎಡಬಲ ಯಾವಾಗಲೂ ಒಂದೇ ಇರಲಿ. ಮಳೆಗಾಲದಲ್ಲಿ ಕೆಸರು ಒಣಗಿ ನಾಬ್ ಕಚ್ಚಿಕೊಳ್ಳುತ್ತದೆ, ತೊಳೆದಾಗಲೆಲ್ಲ ಒಂದರಿಂದ ಒಂಬತ್ತರವರೆಗೆ ತಿರುಗಿಸಿ ಬಿಡಿ. ಎತ್ತರ ಅಳೆಯುವಾಗ ನೆಲದಿಂದ ಬೇಡ, ಚಕ್ರದ ಹಬ್ ನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆಯಿರಿ, ಆಗ ಟೈರಿನ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ. 1,000 ಕಿ.ಮೀ. ಒಳಗೆ ಇನ್ನೊಮ್ಮೆ ಅಳೆದು, ಎಲ್ಲ ಬೋಲ್ಟ್‌ಗಳಿಗೂ ಟಾರ್ಕ್ ನೋಡಿ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯದಂತೆ ತಗ್ಗಿಸಿಕೊಳ್ಳಿ.