ತ್ಯಾಜ್ಯ ಹೊತ್ತ ಬೋಟಿಗೆ ಯಾರ ಅನುಮತಿ ಬೇಕು?

ಪ್ರಶ್ನೆ: ನಾನು ಕಾರವಾರದ ಬೈತಖೋಲದವನು. ಬಲೆ ಎಳೆದು ಮೀನು ಹಿಡಿಯುವ ಟ್ರಾಲ್ ಬೋಟು ನನ್ನದೊಂದು ಇದೆ. ಬಂದರಿಗೆ ಬರುವ ಹಡಗುಗಳ ಎಂಜಿನ್ ಕೋಣೆಯಿಂದ ತೆಗೆದ ಹಳೆಯ ಎಣ್ಣೆ ಮತ್ತು ಸ್ಲಡ್ಜ್ (ಎಣ್ಣೆಯ ಕೆಸರು) ತುಂಬಿದ ಡ್ರಮ್ಮುಗಳನ್ನು ಧಕ್ಕೆಗೆ ತಂದು, ಅಲ್ಲಿಂದ ಸಮುದ್ರದ ಮೇಲೆಯೇ ಗೋವೆಗೆ ಮುಟ್ಟಿಸಿಕೊಡಬೇಕೆಂದು ಒಬ್ಬ ಏಜೆಂಟರು ಕೇಳಿದ್ದಾರೆ. ಬಂದರು ಕಚೇರಿಯ ಒಪ್ಪಿಗೆ ಇದೆ, ಬೇರೇನೂ ಬೇಡ ಎನ್ನುತ್ತಾರೆ. ಬೋಟಿನ ಮಾಲೀಕನಾಗಿ ನಾನು ಯಾವ ಅನುಮತಿ ಪಡೆಯಬೇಕು?

ಉತ್ತರ: ಏಜೆಂಟರು ಹೇಳಿರುವುದರಲ್ಲಿ ಅರ್ಧ ಸತ್ಯವಿದೆ, ತೊಂದರೆ ಇರುವುದು ಉಳಿದರ್ಧದಲ್ಲಿ. ಬಂದರಿನ ಅನುಮತಿ ಎಂಬುದು ಹಡಗು ಬಂದು ಹೋಗುವುದಕ್ಕೆ, ಧಕ್ಕೆಯನ್ನು ಬಳಸುವುದಕ್ಕೆ, ಸರಕು ಏರಿಸಿ ಇಳಿಸುವುದಕ್ಕೆ ಸಂಬಂಧಿಸಿದ್ದು. ಕಾರವಾರ ಬಂದರು ಕರ್ನಾಟಕ ಜಲಸಾರಿಗೆ ಮಂಡಳಿಯ ಅಧೀನದಲ್ಲಿರುವುದರಿಂದ ಆ ಅನುಮತಿಯನ್ನು ಅಲ್ಲಿನ ಬಂದರು ಅಧಿಕಾರಿಯೇ ಕೊಡಬೇಕು, ನಿಜ. ಆದರೆ ಡ್ರಮ್ಮಿನೊಳಗೆ ಇರುವ ವಸ್ತುವಿಗೆ ಬೇರೆಯದೇ ಕಾನೂನು ಇದೆ. ಹಳೆಯ ಎಣ್ಣೆ, ಹಡಗಿನ ಟ್ಯಾಂಕು ತೊಳೆದ ಎಣ್ಣೆನೀರು, ಎಣ್ಣೆ ಮೆತ್ತಿದ ಫಿಲ್ಟರು ಮತ್ತು ಕೆಸರು, ಇವೆಲ್ಲ 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ ಹೆಸರು ಹಿಡಿದು ಸೇರಿಸಿದ ವಸ್ತುಗಳು. ಅವುಗಳ ಮೇಲೆ ಅಧಿಕಾರವಿರುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಬಂದರು ಕಚೇರಿಯ ಮೊಹರು ಮಂಡಳಿಯ ಅಧಿಕಾರಪತ್ರದ ಕೊರತೆಯನ್ನು ತುಂಬುವುದಿಲ್ಲ.

ಇಲ್ಲಿ ಒಂದು ವಿನಾಯಿತಿಯನ್ನು ಕೆಲವರು ತಪ್ಪಾಗಿ ಎತ್ತಿ ತೋರಿಸುತ್ತಾರೆ. ಆಧಾರ ರೇಖೆಯಿಂದ, ಅಂದರೆ ಕಡಲ ವಲಯಗಳನ್ನು ಅಳೆಯಲು ಹಿಡಿಯುವ ತೀರದ ಗೆರೆಯಿಂದ, 5 ಕಿಲೋಮೀಟರಿನ ಆಚೆ ಇರುವ ಹಡಗಿನ ಕೆಲಸಕಾರ್ಯದಿಂದ ಹುಟ್ಟುವ ತ್ಯಾಜ್ಯಕ್ಕೆ ಈ ನಿಯಮಗಳು ಅನ್ವಯಿಸುವುದಿಲ್ಲ, ಅದನ್ನು ನೌಕಾಯಾನದ ಕಾನೂನು ನೋಡಿಕೊಳ್ಳುತ್ತದೆ ಎಂಬುದು ಸರಿ. ಆದರೆ ನಿಮ್ಮ ಡ್ರಮ್ಮುಗಳು ಬೈತಖೋಲದ ಧಕ್ಕೆಗೆ ಬಂದು, ಅಲ್ಲಿಂದ ಮತ್ತೊಬ್ಬರ ಕಾರ್ಖಾನೆಗೆ ಹೋಗುವಂಥವು. ದಡ ಮುಟ್ಟಿ ಕೈ ಬದಲಾದ ಎಣ್ಣೆಯನ್ನು ಆ ವಿನಾಯಿತಿಯ ನೆರಳಿನಲ್ಲಿ ಸಾಗಿಸಬಹುದೆಂದು ನನಗೆ ಅನ್ನಿಸುವುದಿಲ್ಲ.

ಈಗ ನಿಮ್ಮ ಮೂಲ ಪ್ರಶ್ನೆ. ಸಾಗಣೆಯ ಅಧಿಕಾರಪತ್ರವನ್ನು ಬೋಟಿನ ಮಾಲೀಕರೇ ಪಡೆಯಬೇಕೆಂದು ನಿಯಮ ಹೇಳುವುದಿಲ್ಲ. ತ್ಯಾಜ್ಯವನ್ನು ಕಳುಹಿಸುವವರು ಅಥವಾ ಸ್ವೀಕರಿಸುವವರು, ಇಬ್ಬರಲ್ಲಿ ಯಾರು ಸಾಗಣೆಯ ಏರ್ಪಾಡು ಮಾಡುತ್ತಾರೋ ಅವರು ಅದನ್ನು ಪಡೆಯಬೇಕು. ಹೊಣೆ ಯಾರದೆಂಬುದನ್ನು ಸಾಗಣೆಪತ್ರದಲ್ಲಿ, ಅಂದರೆ ಮ್ಯಾನಿಫೆಸ್ಟಿನಲ್ಲಿ, ಸ್ಪಷ್ಟವಾಗಿ ಬರೆಯಬೇಕು. ಆದ್ದರಿಂದ ನೀವು ಏಜೆಂಟರನ್ನು ಮೊದಲು ಕೇಳಬೇಕಾದದ್ದು "ನನಗೆ ಏನು ಬೇಕು" ಎಂದಲ್ಲ, "ನಿಮ್ಮ ಅಧಿಕಾರಪತ್ರ ಎಲ್ಲಿದೆ, ಅದರಲ್ಲಿ ಈ ತ್ಯಾಜ್ಯದ ಹೆಸರು ಮತ್ತು ಪ್ರಮಾಣ ಇದೆಯೇ" ಎಂದು. ಅವರು ತೋರಿಸಿದ ಪ್ರತಿಯನ್ನು ಕಾರವಾರದಲ್ಲಿರುವ ಮಂಡಳಿಯ ಕಚೇರಿಗೆ ಒಯ್ದು ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸಿ. ಅಧಿಕಾರಪತ್ರ ನಿಮ್ಮದಲ್ಲದಿದ್ದರೂ ಹೊಣೆ ನಿಮ್ಮ ಮೇಲೂ ಬರಬಹುದು ಎಂಬುದು ನೆನಪಿರಲಿ. ಸಾಗಣೆಯಲ್ಲಿ ಅವಘಡವಾದರೆ ಕೂಡಲೇ ಮಂಡಳಿಗೆ ತಿಳಿಸಬೇಕಾದವರ ಸಾಲಿನಲ್ಲಿ ಸಾಗಣೆದಾರನನ್ನೂ ನಿಯಮ ಹೆಸರಿಸಿದೆ.

ಮ್ಯಾನಿಫೆಸ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮನ್ನು ಕಾಪಾಡುವ ಕಾಗದ ಅದೊಂದೇ. ಅದು ನಮೂನೆ 10, ಬಣ್ಣ ಬಣ್ಣದ ಏಳು ಪ್ರತಿಗಳು. ಏಳಕ್ಕೂ ಸಹಿ ಮಾಡಿ ಕಳುಹಿಸುವವರು ಬಿಳಿಯದನ್ನು ಮಂಡಳಿಗೆ ರವಾನಿಸುತ್ತಾರೆ. ಹಳದಿಯದರ ಮೇಲೆ ನಿಮ್ಮ ಸಹಿ ಪಡೆದು ತಾವೇ ಇಟ್ಟುಕೊಳ್ಳುತ್ತಾರೆ. ಉಳಿದ ಐದು ಪ್ರತಿಗಳು ಡ್ರಮ್ಮುಗಳ ಜೊತೆಯಲ್ಲೇ ಬೋಟಿನಲ್ಲಿ ಇರಬೇಕು. ಅತ್ತ ದಡದಲ್ಲಿ ಸ್ವೀಕರಿಸಿದವರು ಗುಲಾಬಿ ಪ್ರತಿಯನ್ನು ಉಳಿಸಿಕೊಂಡು, ಕಿತ್ತಳೆ ಬಣ್ಣದ್ದನ್ನು ಸಹಿ ಹಾಕಿ ನಿಮ್ಮ ಕೈಗೆ ಕೊಡಬೇಕು. ಹಸಿರು ಪ್ರತಿ ಮಂಡಳಿಗೆ, ನೀಲಿ ಮರಳಿ ಕಳುಹಿಸಿದವರಿಗೆ. ಏಳನೆಯ ಬೂದು ಪ್ರತಿ ತ್ಯಾಜ್ಯ ರಾಜ್ಯದ ಗಡಿ ದಾಟಿದಾಗ ಕಳುಹಿಸಿದವರ ರಾಜ್ಯದ ಮಂಡಳಿಗೆ ಹೋಗುವಂಥದ್ದು, ಹಾಗಾಗಿ ಗೋವೆಯ ಸಾಗಣೆಯಲ್ಲಿ ಅದೂ ಓಡಾಡಬೇಕು. ಕಿತ್ತಳೆ ಪ್ರತಿ ಕೈಗೆ ಬರುವ ತನಕ ಗೋವೆಯ ಧಕ್ಕೆಯಿಂದ ಹಗ್ಗ ಬಿಚ್ಚಬೇಡಿ. ಹಿಂದೊಮ್ಮೆ ನನ್ನ ಮುಂದೆ ಬಂದ ಒಂದು ಪ್ರಕರಣದಲ್ಲಿ ಏರಿಸಿದ್ದು ಹನ್ನೆರಡು ಡ್ರಮ್ಮು, ಇಳಿದದ್ದು ಹನ್ನೊಂದು. ಏಜೆಂಟ ಫೋನು ಎತ್ತಲಿಲ್ಲ, ತಾಂಡೇಲನ, ಅಂದರೆ ಬೋಟು ನಡೆಸುವವನ, ಬಳಿ ಇದ್ದದ್ದು ಬಾಡಿಗೆ ಬರೆದ ಒಂದು ಚೀಟಿ ಮಾತ್ರ. ಆ ಒಂದು ಡ್ರಮ್ಮು ಎಲ್ಲಿ ಹೋಯಿತೆಂದು ಅವನು ತಿಂಗಳುಗಟ್ಟಲೆ ಉತ್ತರಿಸುತ್ತ ಕೂರಬೇಕಾಯಿತು.

ಮ್ಯಾನಿಫೆಸ್ಟಿನ ಜೊತೆಗೆ, ಎಣ್ಣೆ ಚೆಲ್ಲಿದರೆ ಅಥವಾ ಬೆಂಕಿ ಹತ್ತಿದರೆ ಏನು ಮಾಡಬೇಕೆಂಬ ಮಾಹಿತಿಯನ್ನು ನಮೂನೆ 9ರಲ್ಲಿ ನಿಮಗೆ ಬರೆದುಕೊಡುವುದು ಕಳುಹಿಸುವವರ ಕರ್ತವ್ಯ. ಪ್ರತಿ ಡ್ರಮ್ಮಿನ ಮೇಲೂ ನೀರಿಗೆ ಅಳಿಸದ ಹಳದಿ ಚೀಟಿ ಇರಬೇಕು. ಅದು ಅಪಾಯಕಾರಿ ತ್ಯಾಜ್ಯ, ಎಚ್ಚರದಿಂದ ನಿರ್ವಹಿಸಿ ಎಂಬ ಮಾತು ಹಿಂದಿ, ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಕೆಂಪಕ್ಷರದಲ್ಲಿ ಇರಬೇಕು. ನಮ್ಮ ಧಕ್ಕೆಗಳಲ್ಲಿ ಆ ಸಾಲನ್ನು ಕನ್ನಡದಲ್ಲಿ ನಾನು ಕಂಡದ್ದು ಬೆರಳೆಣಿಕೆಯಷ್ಟು ಸಲ. ಡ್ರಮ್ಮು ಉರುಳಿಸುವ ಖಲಾಸಿಗೆ ಓದಲು ಬರುವುದು ಆ ಒಂದು ಸಾಲೇ ಆಗಿದ್ದರೂ ಸಹ.

ಗೋವೆಗೆ ಒಯ್ಯುವ ಉದ್ದೇಶ ಏನೆಂಬುದೂ ಮುಖ್ಯ. ಶುದ್ಧೀಕರಿಸಿ ಮರುಬಳಕೆ ಮಾಡಲು ಎಂದಾದರೆ, ತ್ಯಾಜ್ಯವನ್ನು ಕೈಬಿಡುವ ಮುನ್ನ ಎರಡೂ ರಾಜ್ಯಗಳ ಮಂಡಳಿಗಳಿಗೆ ಕಳುಹಿಸುವವರು ತಿಳಿವಳಿಕೆ ಕೊಟ್ಟರೆ ಸಾಕು. ಅಂತಿಮ ವಿಲೇವಾರಿಗೆ ಎಂದಾದರೆ ತಿಳಿವಳಿಕೆ ಸಾಲದು, ಎರಡೂ ಮಂಡಳಿಗಳ ನಿರಾಕ್ಷೇಪಣಾ ಪತ್ರ ಬೇಕು.

ಇನ್ನು ಬೋಟಿನ ಮಾತು. ಇದು ನಿಮಗೆ ಹಿಡಿಸಲಾರದು. 1958ರ ವಾಣಿಜ್ಯ ನೌಕಾಯಾನ ಕಾಯ್ದೆ ಮೀನುಗಾರಿಕೆ ಹಡಗನ್ನು ಲಾಭಕ್ಕಾಗಿ ಸಮುದ್ರ ಮೀನುಗಾರಿಕೆಯಲ್ಲಿ ಮಾತ್ರ ತೊಡಗಿದ ಯಾಂತ್ರಿಕ ಹಡಗು ಎಂದು ವ್ಯಾಖ್ಯಾನಿಸಿತ್ತು. ಮೀನುಗಾರಿಕೆಗೆಂದು ನೋಂದಾಯಿಸಿ, ಆ ಹೆಸರಿನಲ್ಲಿ ಡೀಸೆಲ್ ರಿಯಾಯಿತಿ ಪಡೆಯುವ ಬೋಟಿನಲ್ಲಿ ಬಾಡಿಗೆಗೆ ಸರಕು ಹೇರಿದರೆ ನೋಂದಣಿಯ ಬುಡಕ್ಕೇ ಪೆಟ್ಟು ಬೀಳುತ್ತದೆ, ವಿಮೆಯ ಕಂಪನಿಯೂ ಕೈ ಕೊಡಹುತ್ತದೆ. ನೌಕಾಯಾನ, ಬಂದರು ಮತ್ತು ಕರಾವಳಿ ಸಾಗಣೆ, ಈ ಮೂರಕ್ಕೂ ಸಂಸತ್ತು 2025ರಲ್ಲಿ ಹೊಸ ಕಾಯ್ದೆಗಳನ್ನು ಮಾಡಿರುವುದರಿಂದ ಈಗ ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕೆಂದು ಬಂದರು ಕಚೇರಿಯಲ್ಲೇ ಕೇಳಬೇಕು. ಆದರೆ ಯಾವ ಕಾಯ್ದೆಯ ಕೆಳಗೂ ಟ್ರಾಲ್ ಬೋಟು ತಾನಾಗಿಯೇ ಸರಕಿನ ಬಾರ್ಜ್ ಆಗಲಾರದು. ಮೀನು ಹಾಕುವ ಹೊಂಡದಲ್ಲಿ ಸ್ಲಡ್ಜ್ ಡ್ರಮ್ಮು ಇಟ್ಟು, ಮರುದಿನ ಅದರಲ್ಲೇ ಬಂಗುಡೆ ತುಂಬುವ ಯೋಚನೆಯಂತೂ ಬೇಡವೇ ಬೇಡ.

ಕಸ್ಟಮ್ಸ್ ಅನ್ನೂ ಮರೆಯಬೇಡಿ. ವಿದೇಶದಿಂದ ಬಂದ ಹಡಗಿನಿಂದ ಸರಕನ್ನು ದೋಣಿಗೆ ಇಳಿಸಿ ದಡಕ್ಕೆ ತರುವಾಗ 1962ರ ಕಸ್ಟಮ್ಸ್ ಕಾಯ್ದೆಯ 35ನೆಯ ಕಲಮಿನ ಪ್ರಕಾರ ಬೋಟ್ ನೋಟ್ ಎಂಬ ಪತ್ರ ಜೊತೆಗಿರಬೇಕು. ಹಳೆಯ ಎಣ್ಣೆಗೂ ಬೆಲೆಯಿದೆ, ಕಸವೆಂದು ಕರೆದ ಮಾತ್ರಕ್ಕೆ ಅದು ಅಧಿಕಾರಿಯ ಕಣ್ಣಿಗೆ ಸರಕಲ್ಲದೆ ಹೋಗುವುದಿಲ್ಲ. ಬಂದರಿನಿಂದ ಬಂದರಿಗೆ ಕರಾವಳಿಯಗುಂಟ ಸಾಗಿಸುವಾಗ ಅದೇ ಕಾಯ್ದೆಯ 92ನೆಯ ಕಲಮಿನಂತೆ ಕರಾವಳಿ ಸರಕಿನ ಬಿಲ್ ಸಲ್ಲಿಸುವುದು ಕಳುಹಿಸುವವರ ಕೆಲಸ.

ನನ್ನ ಸಲಹೆ ಕೇಳುವುದಾದರೆ, ಈ ಕೆಲಸಕ್ಕೆ ಸಮುದ್ರದ ದಾರಿಯೇ ಬೇಕೆಂದಿಲ್ಲ. ಹಡಗು ಧಕ್ಕೆಗೆ ಕಟ್ಟಿದಾಗ ಅದರ ಪಂಪಿನಿಂದಲೇ ಅಧಿಕೃತ ಮರುಬಳಕೆದಾರರ ಟ್ಯಾಂಕರಿಗೆ ಎಣ್ಣೆ ಇಳಿಸಿ ರಸ್ತೆಯಲ್ಲಿ ಒಯ್ಯುವುದೇ ವಾಡಿಕೆ. 2016ರ ನಿಯಮಗಳು ಸಾಗಣೆಗೆ ಮೋಟಾರು ವಾಹನ ಕಾಯ್ದೆಯನ್ನು ಉಲ್ಲೇಖಿಸುತ್ತವೆ. ಬರೆದವರ ಕಣ್ಣ ಮುಂದೆ ಇದ್ದದ್ದು ಲಾರಿ, ದೋಣಿಯಲ್ಲ. ಅಷ್ಟಿದ್ದೂ ಮೀನಿನ ಬೋಟನ್ನು ಹುಡುಕಿಕೊಂಡು ಬಂದಿದ್ದಾರೆ ಎಂದರೆ, ರಸ್ತೆಯಲ್ಲಿ ತೋರಿಸಬೇಕಾದ ಕಾಗದ ಅವರ ಬಳಿ ಇದೆಯೇ ಎಂದು ಅನುಮಾನಿಸುವುದು ತಪ್ಪಲ್ಲ.

ಪ್ರಶ್ನೆ: ಕೂರ್ಮಗಡದ ನರಸಿಂಹ ಜಾತ್ರೆಯ ಮರುದಿನ ನಮ್ಮ ಯುವಕ ಮಂಡಳದವರು ದ್ವೀಪದ ಕಸವನ್ನು ದೋಣಿಯಲ್ಲಿ ಕೋಡಿಬಾಗಕ್ಕೆ ತರುತ್ತೇವೆ. ಇದಕ್ಕೂ ಪರವಾನಗಿ ಬೇಕೇ?

ಉತ್ತರ: ತಟ್ಟೆ, ಬಾಟಲಿ, ತೆಂಗಿನ ಚಿಪ್ಪು, ಹೂವಿನಂಥ ಸಾಮಾನ್ಯ ಕಸಕ್ಕೆ ಮೇಲೆ ಹೇಳಿದ ಅಧಿಕಾರಪತ್ರವಾಗಲಿ ಏಳು ಬಣ್ಣದ ಪ್ರತಿಯಾಗಲಿ ಬೇಡ; ಪುರಸಭೆ, ನಗರಸಭೆಗಳ ಘನತ್ಯಾಜ್ಯ ಆ ನಿಯಮಗಳ ಹೊರಗಿದೆ. ದೋಣಿ ಓಡಿಸುವ ಬಗ್ಗೆ ಬಂದರು ಕಚೇರಿಗೆ, ಕಸ ಸ್ವೀಕರಿಸುವ ಬಗ್ಗೆ ನಗರಸಭೆಗೆ ಮುಂಚಿತವಾಗಿ ಒಂದು ಪತ್ರ ಕೊಡಿ. ಜನರೇಟರಿನ ಹಳೆಯ ಎಣ್ಣೆ ಮತ್ತು ಬ್ಯಾಟರಿಗಳನ್ನು ತಂದವರೇ ಮರಳಿ ಒಯ್ಯುವಂತೆ ನೋಡಿಕೊಳ್ಳಿ. ಭಾರ ಹೆಚ್ಚಾಯಿತೆಂದು ನಡುನೀರಿನಲ್ಲಿ ಚೀಲ ಬಿಸಾಡುವಂತಿಲ್ಲ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ದಡವನ್ನಷ್ಟೇ ಅಲ್ಲ, 12 ನಾಟಿಕಲ್ ಮೈಲಿನವರೆಗಿನ ನೀರನ್ನೂ ಒಳಗೊಳ್ಳುತ್ತದೆ.

ಪ್ರಶ್ನೆ: ಅಪಾಯಕಾರಿ ತ್ಯಾಜ್ಯ ಹೊತ್ತ ವಿದೇಶಿ ಹಡಗು ನಮ್ಮ ಕರಾವಳಿಯ ಎದುರಿನಿಂದ ಸುಮ್ಮನೆ ಹಾದು ಹೋಗುವುದಕ್ಕೂ ನಮ್ಮ ಸರ್ಕಾರದ ಅನುಮತಿ ಪಡೆಯಬೇಕೇ? (ಅಂಕೋಲೆಯ ಶಿಕ್ಷಕಿಯೊಬ್ಬರು)

ಉತ್ತರ: ಹಾದು ಹೋಗುವುದಕ್ಕೆ ಸಾಮಾನ್ಯವಾಗಿ ಬೇಕಿಲ್ಲ. ನಮ್ಮ ಪ್ರಾದೇಶಿಕ ಜಲ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರು. ಅದರೊಳಗೂ ಯುದ್ಧನೌಕೆಗಳನ್ನು ಬಿಟ್ಟು ಉಳಿದ ವಿದೇಶಿ ಹಡಗುಗಳಿಗೆ ನಿರುಪದ್ರವಿ ಸಂಚಾರದ ಹಕ್ಕನ್ನು 1976ರ ಕಡಲ ವಲಯಗಳ ಕಾಯ್ದೆ ಒಪ್ಪಿಕೊಂಡಿದೆ. ಅಪಾಯಕಾರಿ ತ್ಯಾಜ್ಯವನ್ನು ದೇಶದಿಂದ ದೇಶಕ್ಕೆ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದಕ್ಕೆ ಭಾರತ 1992ರಲ್ಲೇ ಸೇರಿದೆ; ಆ ಒಪ್ಪಂದವೂ ಹಡಗುಗಳ ಸಂಚಾರದ ಹಕ್ಕಿಗೆ ಕೈ ಹಚ್ಚಿಲ್ಲ. ಆದರೆ ಹಡಗು ಬೇಕೆಂದೇ ಕಡಲನ್ನು ಗಂಭೀರವಾಗಿ ಕೆಡಿಸಿದರೆ ಆ ಸಂಚಾರ ನಿರುಪದ್ರವಿಯಾಗಿ ಉಳಿಯುವುದಿಲ್ಲ. ತ್ಯಾಜ್ಯ ಇಳಿಸಲೆಂದು ಬಂದರು ಹೊಕ್ಕರೆ ಅದು ಆಮದಾಗುತ್ತದೆ. ವಿಲೇವಾರಿಗಾಗಿ ಅಪಾಯಕಾರಿ ತ್ಯಾಜ್ಯ ಆಮದು ಮಾಡಿಕೊಳ್ಳುವುದನ್ನು ನಮ್ಮ ನಿಯಮಗಳು ಪೂರ್ತಿ ನಿಷೇಧಿಸಿವೆ.

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ 2006ರ ಮೇ 30ರಂದು ದೇವಗಡ ದ್ವೀಪದ ಬಳಿ ಬಂಡೆಗೆ ಸಿಕ್ಕಿ ಕಾರವಾರದ ದಂಡೆಗೆ ಎಣ್ಣೆ ಮೆತ್ತಿದ ಓಷನ್ ಸೆರಾಯಾ ತ್ಯಾಜ್ಯದ ಹಡಗಾಗಿರಲಿಲ್ಲ. ಸೋರಿದ್ದು ಅದರ ಸ್ವಂತ ಇಂಧನ, ಮತ್ತು ಆ ಎಣ್ಣೆ ಗೋವೆಯ ತೀರದವರೆಗೂ ಹೋಯಿತು. ಆದ್ದರಿಂದ ಹಡಗಿನ ಹಿಂದೆ ಕಪ್ಪು ಪಟ್ಟಿಯೋ ಕಾಮನಬಿಲ್ಲಿನ ಬಣ್ಣದ ಪದರವೋ ಕಂಡರೆ ಅದರಲ್ಲಿ ಏನಿದೆಯೆಂದು ಊಹಿಸುತ್ತ ನಿಲ್ಲದೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಿ. ಎಷ್ಟು ಹೊತ್ತಿಗೆ ಕಂಡಿತು, ಯಾವ ಗುಡ್ಡ ಅಥವಾ ದ್ವೀಪದ ನೇರಕ್ಕೆ ಇತ್ತು, ಗಾಳಿ ಯಾವ ಕಡೆಗಿತ್ತು ಎಂದು ಹೇಳಿದರೆ ಅವರಿಗೆ ಹುಡುಕಲು ಅನುಕೂಲ.