ಸ್ಟುಡಿಯೋದ ಗ್ರ್ಯಾಂಡ್‌ಮಾಸ್ಟರ್ ಗಡಿಯಾರಗಳಿಗೆ ಪ್ರಯಾರಿಟಿ1ರಲ್ಲಿ 1, 2 ಅಂತ ಕೊಟ್ಟರೆ ಸಾಕಾ? ಒಳಗೆ ರುಬಿಡಿಯಂ ಇರುವ ಗಡಿಯಾರವೇ ಬೇಕಾ?

ನೀವು ಕೇಳಿದ್ದು ಇದು: ಮಂಜೇಶ್ವರದಲ್ಲಿ ಮೂರು ಕ್ಯಾಮೆರಾದ ಸ್ಟುಡಿಯೋ, 2110ಕ್ಕೆ (ವಿಡಿಯೋ, ಆಡಿಯೋವನ್ನು ನೆಟ್‌ವರ್ಕ್‌ನಲ್ಲೇ ಕಳಿಸುವ ಮಾನದಂಡ) ಹೋಗುವ ಯೋಚನೆ, ಎಲ್ಲ ಯಂತ್ರಗಳಿಗೂ ಸಮಯ ಕೊಡಲು ಎರಡು ಗ್ರ್ಯಾಂಡ್‌ಮಾಸ್ಟರ್, ಪ್ರಯಾರಿಟಿ1 ಎಂಬ ಸೆಟ್ಟಿಂಗ್‌ನಲ್ಲಿ ಮೈನ್‌ಗೆ ಒಂದು, ಬ್ಯಾಕಪ್‌ಗೆ ಎರಡು. ಆ ಸಾಲು ಓದುವಾಗಲೇ ನನಗೆ ತಲೆ ಬಿಸಿಯಾಯಿತು ಮಾರಾಯ್ರೆ. ಅದೇ 1, 2 ನಾನೇ ಕೈಯಾರೆ ಹಾಕಿದ್ದೆ.

ಕುಂಬಳೆ ಕಡೆಯ ಒಂದು ಸ್ಟುಡಿಯೋ. ಪತ್ತನಾಜೆ ಕಳೆದು ಬಯಲಾಟ ನಿಂತಿತ್ತು, ತಾಳಮದ್ದಳೆಯ ಕಾಲ. ಮಂಗಳೂರಿನ ಸಭಾಭವನದಿಂದ ಫೈಬರ್‌ನಲ್ಲಿ ಫೀಡ್ ಬರುತ್ತಿತ್ತು. ಅಲ್ಲಿ ಅವರ ಜಿಪಿಎಸ್ ಗಡಿಯಾರ, ಇಲ್ಲಿ ನಮ್ಮದು. ಚೆಂಡೆಯ ನಡುವೆ ಟಪ್ ಟಪ್ ಅಂತ ಸದ್ದು, ಆಗಾಗ ಚಿತ್ರದಲ್ಲಿ ಒಂದು ಫ್ರೇಮ್ ಮಾಯ. ನಮ್ಮದೇ ಕ್ಯಾಮೆರಾಗಳಲ್ಲಿ ಮಾತ್ರ ಒಂದು ಚೂರೂ ತೊಂದರೆ ಇಲ್ಲ. ಸಹಜವಾಗಿ ಫೈಬರಿನವರಿಗೆ ಬೈದೆವು. ಅವರು ಬಂದು ಲೈನ್ ಟೆಸ್ಟ್ ಮಾಡಿ, ಎಲ್ಲ ಸರಿ ಇದೆ ಅಂತ ತೋರಿಸಿ ಹೋದರು.

ಕೊನೆಗೆ ತಾರಸಿ ಹತ್ತಿ ಮೈನ್‌ನ ಆಂಟೆನಾ ಕನೆಕ್ಟರ್ ಬಿಚ್ಚಿದರೆ ಒಳಗಿನಿಂದ ನೀರು ತೊಟ್ಟಿಕ್ಕಿತು. ನಡುವಿನ ಪಿನ್ ಹಸಿರುಗಟ್ಟಿತ್ತು. ಜಿಪಿಎಸ್ ಹೋಗಿ ಎಷ್ಟು ದಿನವಾಗಿತ್ತೋ! ಬ್ಯಾಕಪ್‌ನ ಆಂಟೆನಾ ಚೆನ್ನಾಗಿಯೇ ಇತ್ತು, ಆದರೆ ಅದು ಸುಮ್ಮನೆ ಕೂತಿತ್ತು.

ಯಾಕೆ ಕೂತಿತ್ತು ಅನ್ನುವುದೇ ಇಲ್ಲಿ ಮುಖ್ಯ. ಯಾರು ಮಾಸ್ಟರ್ ಆಗಬೇಕೆಂದು ಪಿಟಿಪಿ (ನೆಟ್‌ವರ್ಕ್‌ನಲ್ಲಿ ಗಡಿಯಾರಗಳನ್ನು ಹೊಂದಿಸುವ ಪದ್ಧತಿ) ತೀರ್ಮಾನಿಸುವಾಗ ಮೊದಲು ನೋಡುವುದು ಪ್ರಯಾರಿಟಿ1. ಅದು ಸಮವಾಗಿದ್ದರೆ ಮಾತ್ರ ಕ್ಲಾಕ್ ಕ್ಲಾಸ್ (ಗಡಿಯಾರ ಈಗ ಎಷ್ಟು ನಂಬಿಕಸ್ಥ ಎಂಬ ಸಂಖ್ಯೆ), ಮತ್ತೆ ನಿಖರತೆ, ಏರಿಳಿತ, ಆಮೇಲೆ ಪ್ರಯಾರಿಟಿ2, ಕಟ್ಟಕಡೆಗೆ ಗಡಿಯಾರದ ಐಡಿ. ಎಲ್ಲದರಲ್ಲೂ ಸಣ್ಣ ಸಂಖ್ಯೆಯೇ ಗೆಲ್ಲುವುದು. ಜಿಪಿಎಸ್ ಸಿಕ್ಕಿರುವಾಗ ಕ್ಲಾಸ್ 6, ತಪ್ಪಿದ ಕೂಡಲೇ 7, ಹಿಡಿತ ಪೂರ್ತಿ ಬಿಟ್ಟರೆ 248ರ ತನಕ ಹೋಗುತ್ತದೆ. ಮೈನ್ ಪಾಪ ತನ್ನ ಕ್ಲಾಸ್ ಕೆಟ್ಟದ್ದನ್ನು ಸಾರುತ್ತಲೇ ಇತ್ತು. ಪ್ರಯಾರಿಟಿ1ರಲ್ಲೇ ತೀರ್ಪಾದ ಮೇಲೆ ಕ್ಲಾಸನ್ನು ಕೇಳುವವರಾರು? ಸ್ವರ ಹೋದ ಭಾಗವತರು ಜಾಗಟೆ ಬಿಡುವುದಿಲ್ಲ, ಸ್ವರ ಇರುವವರು ಚೌಕಿಯಲ್ಲಿ ಕೂತಿದ್ದಾರೆ, ಹಾಗೆ.

ಒಳಗಿನ ಕ್ಯಾಮೆರಾಗಳೆಲ್ಲ ಅದೇ ತಪ್ಪು ಗಡಿಯಾರದ ಜೊತೆ ಒಟ್ಟಿಗೆ ಸರಿಯುತ್ತಿದ್ದವು, ಹಾಗಾಗಿ ಅವುಗಳೊಳಗೆ ವ್ಯತ್ಯಾಸವೇ ಕಾಣಲಿಲ್ಲ. ಒಂದು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ತಪ್ಪುವ ಗಡಿಯಾರದ ಕ್ರಿಸ್ಟಲ್ ದಿನಕ್ಕೆ 86.4 ಮಿಲಿಸೆಕೆಂಡ್ ಸರಿಯುತ್ತದೆ, ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಎರಡು ಫ್ರೇಮಿಗಿಂತ ಹೆಚ್ಚು. 48 ಕಿಲೋಹರ್ಟ್ಸ್ ಆಡಿಯೋದ ಒಂದು ಸ್ಯಾಂಪಲ್ ಅಂದರೆ ಬರೀ 20.8 ಮೈಕ್ರೋಸೆಕೆಂಡ್. ಚೆಂಡೆಯಲ್ಲಿ ಮೊದಲು ಕೇಳಿಸಿದ್ದು ಅದಕ್ಕೇ.

ಹಾಗಾಗಿ ಎರಡಕ್ಕೂ ಪ್ರಯಾರಿಟಿ1 ಒಂದೇ ಇರಲಿ, 128 ಇದ್ದರೆ 128. ಮೈನ್, ಬ್ಯಾಕಪ್ ಎಂಬ ಭೇದವನ್ನು ಪ್ರಯಾರಿಟಿ2ರಲ್ಲಿ ಮಾಡಿ. ಕ್ಯಾಮೆರಾ, ಗೇಟ್‌ವೇ ಎಲ್ಲಕ್ಕೂ ಸ್ಲೇವ್ ಓನ್ಲಿ ಹಾಕಿ, ಅವು ಯಾವತ್ತೂ ಮಾಸ್ಟರ್ ಆಗದ ಹಾಗೆ. ಡೊಮೇನ್ (ಯಾವ ಪಿಟಿಪಿ ಗುಂಪು ಎಂಬ ಸಂಖ್ಯೆ) ಕೂಡ ನೋಡಿ: ವಿಡಿಯೋದವರ ಪಿಟಿಪಿ ಮಾನದಂಡ 2059-2ರ ಡೀಫಾಲ್ಟ್ 127, ನಿಮ್ಮ ಎಇಎಸ್67 (ನೆಟ್‌ವರ್ಕ್ ಆಡಿಯೋ ಮಾನದಂಡ) ಆಡಿಯೋ ಮಿಕ್ಸರ್ 0ಯಲ್ಲಿದ್ದರೆ ಅದಕ್ಕೆ ನಿಮ್ಮ ಗಡಿಯಾರ ಕಾಣುವುದೇ ಇಲ್ಲ.

ರುಬಿಡಿಯಂ? ಬೇಡ. ಜಿಪಿಎಸ್ ಹೋದ ಮೇಲೆ ಅದು ಹೆಚ್ಚು ಹೊತ್ತು ತಾಳುತ್ತದೆ, ಅಷ್ಟೇ. ನಮ್ಮ ಮಳೆಗೆ ಆ ದುಡ್ಡಿನಲ್ಲಿ ಒಳ್ಳೆ ಕೇಬಲ್, ಸಿಡಿಲಿಗೆ ಅರೆಸ್ಟರ್, ಕನೆಕ್ಟರಿಗೆ ನೀರು ಹೋಗದ ರಬ್ಬರ್ ಟೇಪು ಹಾಕಿಸಿ. ಎರಡು ಆಂಟೆನಾ ತಾರಸಿಯ ಬೇರೆ ಬೇರೆ ಮೂಲೆಯಲ್ಲಿರಲಿ.

ಇನ್ನೊಂದು, ನಿಮಗೆ ಇಷ್ಟವಾಗಲಿಕ್ಕಿಲ್ಲ. ಒಂದೇ ಕೋಣೆಯ ಮೂರು ಕ್ಯಾಮೆರಾ, ಹೋಗುವುದು ಯೂಟ್ಯೂಬಿಗೆ ಅಂತಾದರೆ 2110 ಯಾಕೆ? ನೇರ ವಿಡಿಯೋ ಕೇಬಲಿನ ಎಸ್‌ಡಿಐ ಸ್ವಿಚರ್ ಸಾಕು, ಈ ಗಡಿಯಾರದ ತಾಪತ್ರಯವೇ ಇಲ್ಲ.

ಮಾಡಿಯೇ ಮಾಡುತ್ತೀರಾದರೆ, ಇನ್‌ಸ್ಟಾಲ್ ಮಾಡುವವರ ಎದುರೇ ಮೈನ್‌ನ ಆಂಟೆನಾ ಕೇಬಲ್ ಎಳೆಯಿರಿ. ಲಿನಕ್ಸ್ ಯಂತ್ರವೊಂದಿದ್ದರೆ ಪಿಎಂಸಿ ಎಂಬ ಕಮಾಂಡಿನಲ್ಲಿ ಪೇರೆಂಟ್ ಡೇಟಾ ಸೆಟ್ (ಈಗ ಯಾವ ಗಡಿಯಾರ ಮಾಸ್ಟರ್ ಎಂಬ ಮಾಹಿತಿ) ಕೇಳಿ, ಡೊಮೇನ್ 127 ಅಂತ ಹೇಳಲು ಮರೆಯಬೇಡಿ. ಗ್ರ್ಯಾಂಡ್‌ಮಾಸ್ಟರ್ ಐಡಿ ಬ್ಯಾಕಪ್‌ನದ್ದಾಗಿ ಬದಲಾಗಿ, ಕ್ಲಾಸ್ 6 ಬರುವ ತನಕ ಕೊನೆಯ ಕಂತು ಕೊಡಬೇಡಿ.