ಸಂಪಾದಕರ ಉತ್ತರ: ಟಾರ್ಪೆಡೊ ಕಾರ್ಖಾನೆಯನ್ನು ನಗರ ಏಕೆ ಮಾರಲಿಲ್ಲ?

ಮಾನ್ಯರೇ,

ಅಮೆರಿಕದ ವರ್ಜೀನಿಯಾ ರಾಜ್ಯದ ಅಲೆಕ್ಸಾಂಡ್ರಿಯಾ ನಗರದಲ್ಲಿರುವ ‘ಟಾರ್ಪೆಡೊ ಫ್ಯಾಕ್ಟರಿ’ ಕಲಾಕೇಂದ್ರದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಕಿರುಟಿಪ್ಪಣಿಯನ್ನು ಓದಿ ನೀವು ಬರೆದ ಪತ್ರ ತಲುಪಿದೆ. ನದೀದಂಡೆಯ ಅಷ್ಟು ಬೆಲೆಬಾಳುವ ಕಟ್ಟಡವನ್ನು ಕಲಾವಿದರ ಬಳಕೆಗೆ ಬಿಟ್ಟಿರುವುದು ಸಾರ್ವಜನಿಕರ ಆಸ್ತಿಯಲ್ಲಿ ಕೆಲವರಿಗಷ್ಟೇ ಮಾಡಿಕೊಟ್ಟ ಅನುಕೂಲವಲ್ಲವೇ, ನಗರಾಡಳಿತ ಅದನ್ನು ಮಾರಿಬಿಡಬಾರದಿತ್ತೇ ಎಂದು ಕೇಳಿದ್ದೀರಿ. ಟಿಪ್ಪಣಿಯಲ್ಲಿ ಆ ಕಟ್ಟಡದ ಇತಿಹಾಸಕ್ಕೆ ಜಾಗವಿರಲಿಲ್ಲ; ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಲ್ಲೇ ಇದೆ.

ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ಅಮೆರಿಕದ ನೌಕಾಪಡೆ ಈ ಕಾರ್ಖಾನೆಯನ್ನು ಕಟ್ಟುವ ಕೆಲಸ ಆರಂಭಿಸಿದ್ದು 1918ರ ನವೆಂಬರ್ 12ರಂದು, ಅಂದರೆ ಮೊದಲ ಮಹಾಯುದ್ಧದ ಕದನವಿರಾಮವಾದ ಮರುದಿನ. ಸರ್ಕಾರಿ ಕೆಲಸದ ಮುಹೂರ್ತ ಯಾವ ದೇಶದಲ್ಲಾದರೂ ಹೀಗೇ ಇರುತ್ತದೆಂದು ಕಾಣುತ್ತದೆ. ಕೆಲವು ವರ್ಷ ಟಾರ್ಪೆಡೊ, ಅಂದರೆ ನೀರಿನೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ, ತಯಾರಿಸಿ, ಅನಂತರ ಉಗ್ರಾಣವಾಗಿ ಉಳಿದಿದ್ದ ಕಟ್ಟಡದಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೆ ಮತ್ತೆ ಯಂತ್ರಗಳು ತಿರುಗಿ, ಜಲಾಂತರ್ಗಾಮಿಗಳಿಗೆ ಬೇಕಾದ ‘ಮಾರ್ಕ್ 14’ ಟಾರ್ಪೆಡೊಗಳು ತಯಾರಾದವು. ಅವುಗಳಲ್ಲೊಂದನ್ನು ಕೇಂದ್ರದ ಹಜಾರದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದರ ಕಣ್ಣುಕುಕ್ಕುವ ಹಸಿರನ್ನು ನೋಡಿ ಕಲಾವಿದರ ಕೈಚಳಕವೆಂದುಕೊಳ್ಳುವವರುಂಟು. ಪರೀಕ್ಷೆಗೆ ಹಾರಿಸಿದ್ದನ್ನು ನೀರಿನಲ್ಲಿ ಹುಡುಕಲು ಸುಲಭವಾಗಲೆಂದು ನೌಕಾಪಡೆಯೇ ಬಳಿಸಿದ ಬಣ್ಣವದು.

ಯುದ್ಧ ಮುಗಿದ ಮೇಲೆ ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯ ಕಲಾವಸ್ತುಗಳು, ಡೈನೋಸಾರ್ ಮೂಳೆಗಳು, ಸಂಸತ್ತಿನ ಕಡತಗಳು ಇಲ್ಲಿ ತುಂಬಿಕೊಂಡವು. 1969ರಲ್ಲಿ ನಗರವು ಕೇಂದ್ರ ಸರ್ಕಾರದಿಂದ ಇದನ್ನು ಕೊಂಡಿತಾದರೂ ಏನು ಮಾಡುವುದೆಂದು ತೀರ್ಮಾನವಾಗದೆ ಕೆಲವು ವರ್ಷ ಕಳೆದವು. ಆರ್ಟ್ ಲೀಗ್ ಎಂಬ ಸ್ಥಳೀಯ ಕಲಾಸಂಸ್ಥೆಯ ಅಧ್ಯಕ್ಷೆ ಮೇರಿಯನ್ ವ್ಯಾನ್ ಲ್ಯಾಂಡಿಂಗ್‌ಹ್ಯಾಮ್ ಅವರು ಇದನ್ನು ಕಲಾವಿದರು ಕೂತು ಕೆಲಸ ಮಾಡುವ ಸ್ಟುಡಿಯೋಗಳನ್ನಾಗಿಸುವ ಯೋಜನೆ ಮುಂದಿಟ್ಟದ್ದು ಆಗ. ಕಲಾವಿದರು, ಸ್ವಯಂಸೇವಕರು ಮತ್ತು ನಗರದ ಕೆಲಸಗಾರರು ಸೇರಿ ಕಸ ಹೊರಹಾಕಿ, ಸುಣ್ಣಬಣ್ಣ ಮಾಡಿ, 1974ರ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆರೆದರು. ಈ ಅನುಕ್ರಮವನ್ನು ನೀವು ಗಮನಿಸಬೇಕು: ಯಾರಿಗೂ ಬೇಡವಾಗಿದ್ದ ಉಗ್ರಾಣಕ್ಕೆ ಕಲಾವಿದರು ಮೊದಲು ಬಂದರು, ನೀವು ಹೇಳುವ ಬೆಲೆ ಆಮೇಲೆ ಬಂತು.

ಇನ್ನು ‘ಕೆಲವರಿಗಷ್ಟೇ’ ಎಂಬ ಮಾತು. ಇಲ್ಲಿನ ಕಲಾವಿದರು ತೀರ್ಪುಗಾರರ ಪರಿಶೀಲನೆಯಲ್ಲಿ ಆಯ್ಕೆಯಾಗಿ, ಬಾಡಿಗೆ ಕೊಟ್ಟು, ಅದರ ಜೊತೆಗೆ ಸ್ಟುಡಿಯೋವನ್ನು ಜನರಿಗೆ ತೆರೆದಿಡುವ ಕರಾರಿಗೂ ಒಪ್ಪಿ ಬಂದವರು. ಪ್ರವೇಶ ಉಚಿತ. ತಿಗರಿಯ ಮೇಲೆ ಏರುತ್ತಿರುವ ಮಣ್ಣು ಕುಸಿದರೆ ನೋಡುವವರ ಎದುರಿಗೇ ಕುಸಿಯುತ್ತದೆ, ಕುಂಬಾರರು ಅವರ ಎದುರಿಗೇ ಮತ್ತೆ ಮುದ್ದೆ ಕಟ್ಟುತ್ತಾರೆ. ಮೂರನೆಯ ಮಹಡಿಯಲ್ಲಿ ನಗರದ ಪುರಾತತ್ತ್ವ ಸಂಗ್ರಹಾಲಯವಿದೆ. ಊರಿನ ನೆಲ ಅಗೆದಾಗ ಸಿಕ್ಕ ಪಿಂಗಾಣಿ ಚೂರು, ಗಾಜಿನ ಸೀಸೆಗಳನ್ನು ಸ್ವಯಂಸೇವಕರು ತೊಳೆದು ಜೋಡಿಸುವ ಕೆಲಸವೂ ಅಲ್ಲಿ ಜನರ ಕಣ್ಣೆದುರೇ ನಡೆಯುತ್ತದೆ. ಮಾರಾಟವಾಗಿದ್ದರೆ ಹೊಸ ಮಾಲೀಕರು ಇಂಥ ಕರಾರನ್ನು ಎಷ್ಟು ದಿನ ಉಳಿಸಿಕೊಳ್ಳುತ್ತಿದ್ದರು ಎಂಬುದನ್ನು ನೀವೇ ಊಹಿಸಬಹುದು.

ನಿಮ್ಮ ಅನುಮಾನ ಪೂರ್ತಿ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ಕೇಂದ್ರವನ್ನು ಮೊದಲು ಕಲಾವಿದರ ಸಂಘವೇ ನಡೆಸಿತು. ಆಮೇಲೆ ಪ್ರತ್ಯೇಕ ಮಂಡಳಿ ಬಂತು. 2016ರಲ್ಲಿ ನಗರಾಡಳಿತವೇ ನೇರವಾಗಿ ವಹಿಸಿಕೊಂಡಿತು. ಪ್ರತಿ ಬದಲಾವಣೆಯ ಹಿಂದೆಯೂ ಜಗಳವಿತ್ತು. ಒಂದೇ ಸ್ಟುಡಿಯೋ ದಶಕಗಟ್ಟಲೆ ಒಬ್ಬರ ಕೈಯಲ್ಲೇ ಉಳಿದರೆ ಹೊಸಬರಿಗೆ ಜಾಗವಿಲ್ಲ. ಬಾಡಿಗೆಯನ್ನು ಮಾರುಕಟ್ಟೆಯ ಮಟ್ಟಕ್ಕೆ ಏರಿಸಿದರೆ ಬೇರೆ ಆದಾಯವಿರುವ ಹವ್ಯಾಸಿಗಳು ಮಾತ್ರ ಉಳಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಗರವನ್ನು ಕೇಳಬೇಕಾದದ್ದು ಇದನ್ನು: ಸ್ಟುಡಿಯೋ ಪಡೆದವರ ಕೆಲಸವನ್ನು ಎಷ್ಟು ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕು, ಬಾಡಿಗೆಯನ್ನು ಎಲ್ಲಿಗೆ ನಿಲ್ಲಿಸಬೇಕು? ಕಟ್ಟಡ ನಗರದ್ದಾಗಿರುವುದರಿಂದಲೇ ಅಲ್ಲಿನ ನಿವಾಸಿಗಳು ಇದನ್ನು ತಮ್ಮ ನಗರಸಭೆಯ ಮುಂದೆ ನಿಂತು ಕೇಳಬಹುದಾಗಿದೆ, ಕೇಳುತ್ತಲೂ ಇದ್ದಾರೆ.

— ಸಂಪಾದಕ